‘ಪೋಚ್’ ಮಾಡಿದ ಮೊಟ್ಟೆಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದು ತಿಂಗಳಾಯಿತು. ಹೋದ ಭಾನುವಾರ ಅವಳು ನಮ್ಮಿಬ್ಬರನ್ನೂ ನ್ಯೂಯಾರ್ಕಿನ ಹೋಟೆಲೊಂದಕ್ಕೆ ಬ್ರಂಚಿಗೆ ಕರೆದೊಯ್ದಳು. ನನ್ನವಳು ಮೆನುವಿನ ಮೇಲೆ ಫೋನು ಹಿಡಿದು ಕನ್ನಡ ಮಾಡಿಸಿದಳು. ‘ಎಗ್ಸ್ ಬೆನೆಡಿಕ್ಟ್’ ಕೆಳಗೆ ‘ಎರಡು ಬೇಟೆಯಾಡಿದ ಮೊಟ್ಟೆಗಳು’ ಅಂತ ಬಂತು. “ಬೇಟೆ ಆಡೋಕೆ ಮೊಟ್ಟೆ ಏನು ಓಡಿಹೋಗ್ತಿತ್ತೇನ್ರೀ?” ಅಂದಳು. ಕಳ್ಳಬೇಟೆಯೂ ಪೋಚಿಂಗೇ, ಮೊಟ್ಟೆ ಒಡೆದು ಬಿಸಿನೀರಿಗೆ ಬಿಟ್ಟು ಬೇಯಿಸುವುದೂ ಪೋಚಿಂಗೇ. ಯಂತ್ರ ಕಾಡಿನ ಕಡೆ ಹೊರಟುಬಿಟ್ಟಿದೆ.

ತಟ್ಟೆ ಬಂತು. ಇಂಗ್ಲಿಷ್ ಮಫಿನ್ ಎಂದರೆ ನಮ್ಮ ಬೇಕರಿಯ ಕಪ್ಪಿನ ಕೇಕಲ್ಲ, ಕಾವಲಿಯ ಮೇಲೆ ಬೇಯಿಸಿದ ಚಪ್ಪಟೆ ಬನ್ನು. ಅದನ್ನು ಅಡ್ಡಕ್ಕೆ ಸೀಳಿ, ಕೆಂಪಗೆ ಮಾಡಿ, ಮೇಲೊಂದು ಹ್ಯಾಮ್ (ಹಂದಿಮಾಂಸ) ಬಿಲ್ಲೆ, ಅದರ ಮೇಲೆ ಮೊಟ್ಟೆ, ಅದರ ಮೇಲೆ ಹಾಲಂಡೇಸ್. (ಹೆಸರಲ್ಲಿ ಹಾಲಿದ್ದರೂ ಒಳಗಿಲ್ಲ, ಹಳದಿ ಲೋಳೆಗೆ ಬೆಣ್ಣೆ, ನಿಂಬೆರಸ ಕೂಡಿಸಿ ಕಡೆದದ್ದು. ಹೆಸರು ಡಚ್ಚರದು, ಅಡುಗೆ ಫ್ರೆಂಚರದು.) ಚಾಕು ಸೋಕಿದ್ದೇ ತಡ, ಬಿಳಿ ಹೊದಿಕೆ ಹರಿದು ಹಳದಿ ನಿಧಾನಕ್ಕೆ ಇಳಿದು ಬನ್ನಿನ ತೂತುಗಳೊಳಗೆ ಇಂಗಿತು. ಮಾತಿಲ್ಲದೆ ತಿಂದೆ.

ಈಗ ಪದಕ್ಕೆ ಬರೋಣ. ಇಂಗ್ಲಿಷಿಗೆ ‘ಪೋಚ್’ ಬಂದದ್ದು ಫ್ರೆಂಚಿನಿಂದ. ಅಲ್ಲಿ ‘ಪೋಶ್’ ಎಂದರೆ ಚೀಲ, ಜೇಬು. ಬಿಳಿ ಲೋಳೆ ಹಳದಿಯ ಸುತ್ತ ಚೀಲ ಕಟ್ಟುತ್ತದಲ್ಲ, ಅದೇ. ಹಾಗೇ ಕನ್ನಡಕ್ಕಿಳಿಸಿದರೆ ‘ಸಂಚಿ ಮೊಟ್ಟೆ’. ಕೇಳೋಕೆ ಚೆನ್ನ, ಆದರೆ ಎಲೆಯಡಿಕೆ ನೆನಪಾಗುತ್ತದೆ. ‘ನೀರಲ್ಲಿ ಬೇಯಿಸಿದ ಮೊಟ್ಟೆ’ ಅಂದರೆ ಚಿಪ್ಪಿನ ಸಮೇತ ಬೇಯಿಸಿದ್ದೇ ಕಣ್ಣಮುಂದೆ ಬರುವುದು. ಸುಮ್ಮನೆ ‘ಪೋಚ್’ ಎಂದೇ ಬಿಡೋಣವೆಂದರೆ, ಬಂಗಾಳಿಗಳಿಗೆ ಪೋಚ್ ಎಂದರೆ ಬಾಣಲೆಯಲ್ಲಿ ಎಣ್ಣೆ ಹಾಕಿ ಹುರಿದದ್ದು, ಅಂದರೆ ನಮ್ಮ ಬುಲ್ಸ್ ಐ. ನಮ್ಮ ಗಾಡಿಯವರ ‘ಹಾಫ್ ಬಾಯಿಲ್’ ಕೂಡ ನೀರು ಕಾಣುವುದೇ ಇಲ್ಲ!

ಆದರೆ ಕ್ರಿಯೆ ನಮಗೆ ಹೊಸದಲ್ಲ. ಮಂಡ್ಯ ಕಡೆ ನಮ್ಮಮ್ಮ ಸಾರಿಗೆ ಮೊಟ್ಟೆ ‘ಬಿಡು’ತ್ತಿದ್ದಳು. ಮಸಾಲೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮೊಟ್ಟೆ ಒಡೆದು ಪಾತ್ರೆಯ ಅಂಚಿನಿಂದ ಮೆಲ್ಲಗೆ ಜಾರಿಸಿ, ಮುಚ್ಚಳ ಮುಚ್ಚುವುದು. “ಸೌಟು ಆಡಿಸ್ಬೇಡ, ಕದಡಿಹೋಗ್ತದೆ” ಎಂದು ನಮಗೆ ತಾಕೀತು. ಇಲ್ಲಿನವರೂ ಅಷ್ಟೇ, ನೀರು ಕೊತಕೊತ ಕುದಿಯಲು ಬಿಡುವುದಿಲ್ಲ; ಬಿಳಿ ಬೇಗ ಗಟ್ಟಿಯಾಗಲೆಂದು ಚೂರು ವಿನಿಗರ್ ಹಾಕುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಹುಣಸೆಹುಳಿ ಇತ್ತಲ್ಲ! ಹಾಗಾಗಿ ನನ್ನ ಓಟು ‘ಒಡೆದು ಬಿಟ್ಟ ಮೊಟ್ಟೆ’ಗೆ. ಒಂದೇ ತೊಡಕು: ಕೂಡಿಸಿ ಬರೆದರೆ ‘ಒಡೆದುಬಿಟ್ಟ ಮೊಟ್ಟೆ’, ಯಾರೋ ಕೈಜಾರಿ ಬೀಳಿಸಿದ ಹಾಗಾಗುತ್ತದೆ.

ಇನ್ನು ‘ಬೆನೆಡಿಕ್ಟ್’. ಹೆಸರನ್ನು ಅನುವಾದಿಸುವಂತಿಲ್ಲ, ಸರಿ. ಆದರೆ ಯಾರ ಹೆಸರು? ಲೆಮ್ಯುಯಲ್ ಬೆನೆಡಿಕ್ಟ್ ಎಂಬ ವಾಲ್ ಸ್ಟ್ರೀಟ್ ದಲ್ಲಾಳಿ 1942ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಹೇಳಿದ ಕಥೆ ಇದು: 1894ರಲ್ಲಿ ಒಂದು ಬೆಳಿಗ್ಗೆ ರಾತ್ರಿಯ ಕುಡಿತದ ತಲೆನೋವು ಹೊತ್ತು ವಾಲ್ಡಾರ್ಫ್ ಹೋಟೆಲಿಗೆ ಹೋಗಿ ಬೆಣ್ಣೆ ಟೋಸ್ಟು, ಪೋಚ್ ಮೊಟ್ಟೆ, ಗರಿಗರಿ ಬೇಕನ್ (ಹಂದಿಮಾಂಸದ ತೆಳು ಪಟ್ಟಿ) ಮತ್ತು ಒಂದು ‘ಹೂಕರ್’ ಹಾಲಂಡೇಸ್ ಕೇಳಿದನಂತೆ. ಹೂಕರ್ ಎಂದರೆ ಆಗಿನ ಆಡುಮಾತಿನಲ್ಲಿ ಒಂದು ಗುಕ್ಕು ಮದ್ಯ. ‘ಒಂದು ಪೆಗ್ ಹಾಲಂಡೇಸ್’ ಅಂದರೆ ನಮಗೆ ಸರಿಹೋಗುತ್ತದೆ. ಅಲ್ಲಿನ ಊಟದ ಮನೆಯ ಮೇಲ್ವಿಚಾರಕ ಆಸ್ಕರ್ ಚರ್ಕಿ ಟೋಸ್ಟಿಗೆ ಬದಲು ಮಫಿನ್, ಬೇಕನ್ನಿಗೆ ಬದಲು ಹ್ಯಾಮ್ ಮಾಡಿ ಮೆನುವಿಗೆ ಸೇರಿಸಿದರಂತೆ.

ಸೊಗಸಾದ ಕಥೆ. ಆದರೆ ಹೇಳಿದ್ದು 48 ವರ್ಷ ಕಳೆದ ಮೇಲೆ. ಅದೇ 1894ರಲ್ಲಿ ಡೆಲ್ಮೊನಿಕೋಸ್ ಹೋಟೆಲಿನ ಬಾಣಸಿಗ ಚಾರ್ಲ್ಸ್ ರಾನ್‌ಹೋಫರ್ ಅಚ್ಚು ಹಾಕಿಸಿದ ಸಾವಿರ ಪುಟ ಮೀರಿದ ‘ದಿ ಎಪಿಕ್ಯೂರಿಯನ್’ ಎಂಬ ಅಡುಗೆ ಪುಸ್ತಕದಲ್ಲಿ ಮಫಿನ್, ಹ್ಯಾಮ್, ಮೊಟ್ಟೆ, ಹಾಲಂಡೇಸ್ ಎಲ್ಲವೂ ಸಾಲಾಗಿ ಕೂತಿವೆ. ಅಷ್ಟು ದಪ್ಪನೆಯ ಪುಸ್ತಕಕ್ಕೆ ಬರಬೇಕಾದರೆ ತಿಂಡಿ ಅದಕ್ಕೂ ಮೊದಲೇ ಒಲೆಯ ಮೇಲಿದ್ದಿರಬೇಕು. ಆ ಹೋಟೆಲಿಗೆ ಬರುತ್ತಿದ್ದ ಲೆಗ್ರಾಂಡ್ ಬೆನೆಡಿಕ್ಟ್ ದಂಪತಿಗಾಗಿ ಮಾಡಿದ್ದು ಎನ್ನುವವರ ಕಡೆಗೇ ನನ್ನ ವಾಲು. ಮೂರನೆಯ ಹಕ್ಕುದಾರ ಕಮೊಡೋರ್ ಇ. ಸಿ. ಬೆನೆಡಿಕ್ಟ್. ಅವರು 1920ರಲ್ಲೇ ತೀರಿಕೊಂಡಿದ್ದರು; ತಿಂಡಿ ಅವರದೆಂಬ ಸುದ್ದಿ ಹೊರಬಿದ್ದದ್ದು 1967ರಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಕ್ರೇಗ್ ಕ್ಲೇಬೋರ್ನ್‌ಗೆ ಓದುಗರೊಬ್ಬರು ಬರೆದ ಪತ್ರದಿಂದ. ಆ ಓದುಗರ ಸೋದರಮಾವನಿಂದ ಅಮ್ಮನಿಗೆ, ಅಮ್ಮನಿಂದ ಮಗನಿಗೆ ಬಂದ ಮಾತು. ಇಂಥ ಸಾಕ್ಷಿ ನಮ್ಮೂರಿನ ಗದ್ದೆ ವ್ಯಾಜ್ಯದಲ್ಲೂ ನಿಲ್ಲುವುದಿಲ್ಲ.

ತಮಾಷೆಯೆಂದರೆ ರಾನ್‌ಹೋಫರ್ ಬರೆದದ್ದು ‘ಬೆನೆಡಿಕ್’. ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ನಲ್ಲಿ ಮದುವೆಯೇ ಬೇಡವೆಂದು ಮೆರೆದು ಕೊನೆಗೆ ಹಾರ ಹಾಕಿಸಿಕೊಂಡವನ ಹೆಸರೂ ಅದೇ, ಹಾಗೆ ತಡವಾಗಿ ಮದುವೆಯಾದವನಿಗೆ ಇಂಗ್ಲಿಷಿನಲ್ಲಿ ಅದು ರೂಢನಾಮವೂ ಆಯಿತು. ಅಡುಗೆಗೂ ಅವನಿಗೂ ನಂಟು ಕಟ್ಟುವ ಸಾಹಸ ನನ್ನದಲ್ಲ.

ಧಾರವಾಡ ಕಡೆಯವರು ಹೇಳಿ: ಸಾರಿಗೆ ತತ್ತಿ ‘ಬಿಡತೀರಿ’ಯೋ, ‘ಒಡದು ಹಾಕತೀರಿ’ಯೋ? ಕರಾವಳಿಯವರಲ್ಲಿ ಇದಕ್ಕೆ ಬೇರೆಯೇ ಪದವಿದೆಯೇ?