ಕರೆಂಟ್ ಹೋದರೆ ಎಷ್ಟು ಲೀಟರ್ ಕೆಳಗೆ ಬರುತ್ತೆ? ಅಕ್ವೇರಿಯಂ ಪೈಪಿಂಗ್ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ನಮಸ್ಕಾರ ಸರ್. ಮನೆ ಮೊದಲನೇ ಮಹಡಿಯಲ್ಲಿದೆ. ಹಾಲ್‌ಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸ್ತಿದೀನಿ. ಕೆಳಗೆ ಕ್ಯಾಬಿನೆಟ್ ಒಳಗೆ ಸಂಪ್ (ನೀರು ಸೋಸೋಕೆ, ಪಂಪ್ ಇಡೋಕೆ ಇರೋ ಸಣ್ಣ ತೊಟ್ಟಿ): ಎರಡೂವರೆ ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ಟೆಟ್ರಾ ಮೀನು, ಒಂದಿಷ್ಟು ಶ್ರಿಂಪ್ ಬಿಡೋ ಯೋಚನೆ. ಪಂಪ್ ತಂದಾಗಿದೆ, ಡಬ್ಬದ ಮೇಲೆ ಗಂಟೆಗೆ 3000 ಲೀಟರ್, ಹೆಡ್ (ನೀರನ್ನ ಎತ್ತಬಲ್ಲ ಗರಿಷ್ಠ ಎತ್ತರ) 2.8 ಮೀಟರ್ ಅಂತಿದೆ. ಟ್ಯಾಂಕಿಂದ ಸಂಪ್‌ಗೆ ನೀರು ಇಳಿಯೋಕೆ ಮುಕ್ಕಾಲು ಇಂಚಿನ ಒಂದೇ ಡ್ರೈನ್ ಸಾಕು, ಪಂಪಿಂದ ಮೇಲಕ್ಕೆ ಹೋಗೋ ರಿಟರ್ನ್ ಪೈಪನ್ನ ನೀರೊಳಗೆ ಆಳಕ್ಕೆ ಬಿಟ್ಟರೆ ಸದ್ದೂ ಬರಲ್ಲ ಅಂತಾರೆ ನಮ್ಮ ಪ್ಲಂಬರ್. ಗಾಜು ಇನ್ನೂ ಅಂಟಿಸಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಏನೇನು ನೋಡ್ಕೋಬೇಕು?

ಉತ್ತರ (ಅಕ್ವೇರಿಯಂ ಅಳವಡಿಸುವ ಕೆಲಸದವರು): ಗಾಜು ಅಂಟಿಸೋಕೆ ಮುಂಚೆ ಕೇಳಿದ್ದು ಬಹಳ ಒಳ್ಳೇದಾಯ್ತು. ಪೈಪ್ ಎಷ್ಟು ಇಂಚು ಅನ್ನೋದನ್ನ ಆಮೇಲೆ ನೋಡೋಣ. ಮೊದಲು ಎರಡು ಲೆಕ್ಕ ಮಾಡಿ: ಕರೆಂಟ್ ಹೋದಾಗ ಸಂಪ್ ತುಂಬಿ ಚೆಲ್ಲುತ್ತಾ, ಡ್ರೈನ್ ಕಟ್ಟಿಕೊಂಡಾಗ ಮೇಲಿನ ಟ್ಯಾಂಕ್ ತುಂಬಿ ಚೆಲ್ಲುತ್ತಾ. ಮೊದಲ ಮಹಡಿಯ ಮನೆಗೆ ಇವೆರಡೂ ಬಿಡೋ ಹಾಗೇ ಇಲ್ಲ.

ಕರೆಂಟ್‌ದು ನೋಡಿ. ಪಂಪ್ ನಿಂತ ತಕ್ಷಣ ರಿಟರ್ನ್ ಪೈಪೇ ಸೈಫನ್ ಆಗಿ ನೀರನ್ನ ಹಿಂದಕ್ಕೆ ಎಳೆಯುತ್ತೆ. ಪೈಪಿನ ಬಾಯಿಗೆ ಗಾಳಿ ಸಿಗೋವರೆಗೂ ನಿಲ್ಲಲ್ಲ. ನಿಮ್ಮ ಟ್ಯಾಂಕಿನಲ್ಲಿ 1 ಇಂಚು ನೀರು ಅಂದರೆ 14 ಲೀಟರ್. ಸಂಪ್‌ನಲ್ಲಿ 1 ಇಂಚಿಗೆ ಸುಮಾರು 6 ಲೀಟರ್ ಮಾತ್ರ. ಮೇಲೆ 1 ಇಂಚು ಇಳಿದರೆ ಕೆಳಗೆ ಹತ್ತಿರ ಹತ್ತಿರ ಎರಡೂವರೆ ಇಂಚು ಏರುತ್ತೆ. ಪ್ಲಂಬರ್ ಹೇಳಿದ ಹಾಗೆ ಪೈಪನ್ನ 4 ಇಂಚು ಆಳಕ್ಕೆ ಬಿಟ್ಟರೆ 56 ಲೀಟರ್ ಕೆಳಗೆ ಬರುತ್ತೆ, ಸಂಪ್ ಒಂಬತ್ತು ಇಂಚಿಗಿಂತ ಜಾಸ್ತಿ ಏರುತ್ತೆ. 8 ಇಂಚು ನೀರಿಟ್ಟು ಓಡಿಸುವ ಸಂಪ್ ಆದರೆ ಹಾಲ್ ತುಂಬ ನೀರು. ಅದಕ್ಕೇ ರಿಟರ್ನ್ ಬಾಯಿ ನೀರಿನ ಮಟ್ಟದಿಂದ 1 ಇಂಚಿಗಿಂತ ಕೆಳಗೆ ಹೋಗಬಾರದು. ಆಗ ಟ್ಯಾಂಕಿನ 14 ಲೀಟರ್, ಜೊತೆಗೆ ಓವರ್‌ಫ್ಲೋ ಡಬ್ಬದಲ್ಲಿ (ಟ್ಯಾಂಕಿನ ನೀರು ಅಂಚು ದಾಟಿ ಡ್ರೈನ್‌ಗೆ ಹೋಗೋ ಡಬ್ಬ), ಪೈಪಿನಲ್ಲಿ ಇರೋದು, ಎಲ್ಲಾ ಸೇರಿ 20 ಲೀಟರ್ ಅಂದುಕೊಳ್ಳಿ. ಸಂಪ್ ಮೂರೂವರೆ ಇಂಚು ಏರಿ ನಿಲ್ಲುತ್ತೆ, ಜಾಗ ಧಾರಾಳ.

ಇನ್ನೊಂದು ಲೆಕ್ಕವನ್ನ ಬಹಳ ಜನ ಮಾಡೋದೇ ಇಲ್ಲ. ಡ್ರೈನ್‌ಗೆ ಎಲೆಯೋ ಬಸವನಹುಳುವೋ ಸಿಕ್ಕಿಕೊಂಡರೆ ಪಂಪ್ ತನ್ನ ಕೋಣೆಯ (ಸಂಪ್ ಒಳಗೆ ಅಡ್ಡಗಾಜು ಹಾಕಿ ಮಾಡಿದ ಪಂಪಿನ ಭಾಗ) ನೀರನ್ನೆಲ್ಲ ಮೇಲಕ್ಕೆ ಹಾಕುತ್ತೆ. ಸಂಪ್‌ನ ಕೊನೇ ಅಡ್ಡಗಾಜು ತಳಕ್ಕೆ ಅಂಟಿದ್ದರೆ ಉಳಿದ ಕೋಣೆಗಳ ನೀರು ಅಲ್ಲೇ ಇರುತ್ತೆ. ಪಂಪ್ ಕೋಣೆ 12 ಇಂಚು ಅಗಲ, 10 ಇಂಚು ಉದ್ದ, ನೀರು 8 ಇಂಚು ಅಂದರೆ 16 ಲೀಟರ್. ಟ್ಯಾಂಕಿನ ನೀರಿನ ಮೇಲೆ ಒಂದೂವರೆ ಇಂಚು ಗಾಜು ಖಾಲಿ ಬಿಟ್ಟರೆ 21 ಲೀಟರ್ ಹಿಡಿಯುತ್ತೆ. ಪಂಪ್ ಒಣಗಿ ಓಡಬಹುದು, ನೆಲ ಮಾತ್ರ ಒಣಗಿರುತ್ತೆ.

ಪಂಪ್ ನಿಮಗೆ ಸರಿಯಾಗಿದೆ. 3000 ಅನ್ನೋದು ಎತ್ತರಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ಸುಮಾರು 1.3 ಮೀಟರ್ ಎತ್ತಿ, ಎರಡು ಮೂರು ಎಲ್ಬೋ ದಾಟೋ ಹೊತ್ತಿಗೆ ಅರ್ಧ ಸಿಕ್ಕೀತು. 340 ಲೀಟರ್ ಟ್ಯಾಂಕಿಗೆ ಗಂಟೆಗೆ 1500 ಲೀಟರ್ ಚೆನ್ನಾಗಿ ಸಾಕು.

ಡ್ರೈನ್ ಮಾತ್ರ ಒಂದೇ ಇಡಬೇಡಿ. 1 ಇಂಚಿನ ಎರಡು ಪೈಪ್ ಹಾಕಿ; ಹವ್ಯಾಸಿಗಳು ಹರ್ಬಿ ಪದ್ಧತಿ ಅನ್ನೋದು ಇದನ್ನೇ. ಓವರ್‌ಫ್ಲೋ ಡಬ್ಬದೊಳಗೆ ಒಂದರ ಬಾಯಿ ಕೆಳಗೆ, ಅದಕ್ಕೆ ಜಾಲರಿ, ಹೊರಗೆ ವಾಲ್ವ್. ಇನ್ನೊಂದರ ಬಾಯಿ ಮೂರ್ನಾಲ್ಕು ಇಂಚು ಮೇಲೆ, ಅದಕ್ಕೆ ವಾಲ್ವೂ ಇಲ್ಲ, ಜಾಲರಿಯೂ ಇಲ್ಲ. ಮೊದಲನೆಯದರ ವಾಲ್ವನ್ನ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬಂದರೆ ಪೈಪ್ ಪೂರ್ತಿ ನೀರು ತುಂಬಿಕೊಂಡು ಗಾಳಿ ಎಳೆಯೋದು ನಿಲ್ಲುತ್ತೆ, ಗೊಳಗೊಳ ಸದ್ದೂ ನಿಲ್ಲುತ್ತೆ. ಎರಡನೆಯದರ ಗೋಡೆಗೆ ಸಣ್ಣ ಎಳೆ ನೀರು ಹರಿಯೋ ಹಾಗೆ ಬಿಡಿ. ಅದರ ಕೆಳತುದಿ ಸಂಪ್ ನೀರಿನ ಮೇಲೇ ಇರಲಿ; ಧಪಧಪ ಸದ್ದು ಕೇಳಿದ ದಿನ ಮೊದಲನೆಯದು ಕಟ್ಟಿಕೊಳ್ತಿದೆ ಅಂತ ಗೊತ್ತಾಗುತ್ತೆ. ಮೊದಲನೆಯದರ ಕೆಳತುದಿ ನೀರೊಳಗೆ 1 ಇಂಚು ಮುಳುಗಿದ್ದರೆ ಸಾಕು. ಆಳಕ್ಕಿಟ್ಟರೆ ಪೈಪಿನಲ್ಲಿರೋ ಗಾಳಿ ಹೊರಬರದೆ ಸೈಫನ್ ಶುರುವಾಗೋದೇ ಇಲ್ಲ.

ವಾಲ್ವ್ ಯುಪಿವಿಸಿದೇ ಇರಲಿ. ಹಿತ್ತಾಳೆ ಗೇಟ್ ವಾಲ್ವ್ ಕೊಡ್ತಾರೆ, ತಗೋಬೇಡಿ. ಅದರಲ್ಲಿ ತಾಮ್ರ ಇದೆ, ಶ್ರಿಂಪ್‌ಗೆ ತಾಮ್ರ ವಿಷ. ಪ್ಲಾಸ್ಟಿಕ್ ಗೇಟ್ ವಾಲ್ವ್ ಸಿಗದಿದ್ದರೆ ಬಾಲ್ ವಾಲ್ವ್ ಆಗುತ್ತೆ, ಹೊಂದಿಸೋಕೆ ತಾಳ್ಮೆ ಬೇಕು ಅಷ್ಟೇ.

ಗಾಜಿನ ತೂತಿಗೆ ಪೈಪ್ ಕೂರಿಸೋ ಟ್ಯಾಂಕ್ ನಿಪ್ಪಲ್‌ಗಳನ್ನ ಮೊದಲು ತಂದು, ಅಳತೆಗೆ ಗಾಜಿನವರ ಕೈಗೇ ಕೊಟ್ಟು ತೂತು ಕೊರೆಸಿ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ತೂತು ಹಾಕೋಕಾಗಲ್ಲ, ಒಡೆದು ಪುಡಿಯಾಗುತ್ತೆ. ತೂತು ಎಷ್ಟು ಅಗಲವೋ ಕನಿಷ್ಠ ಅಷ್ಟು ಗಾಜು ಅಂಚಿನವರೆಗೆ ಉಳೀಬೇಕು. ನಿಪ್ಪಲ್ಲನ್ನ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಮಾತ್ರ. ಡ್ರೈನ್, ರಿಟರ್ನ್ ಎರಡಕ್ಕೂ ಯೂನಿಯನ್ ಹಾಕಿಸಿ, ತೊಳೆಯೋಕೆ ಬಿಚ್ಚಬೇಕಾಗುತ್ತೆ. ಪಂಪಿನಿಂದ ಒಂದು ಗೇಣು ಮೆತ್ತನೆ ಹೋಸ್ ಕೊಟ್ಟು ಪೈಪಿಗೆ ಸೇರಿಸಿದರೆ ಕ್ಯಾಬಿನೆಟ್ ಗುಂಯ್ ಅನ್ನಲ್ಲ.

ಪ್ರಶ್ನೆ (ಮಂಗಳೂರಿನ ಸದಸ್ಯರು): ರಿಟರ್ನ್ ಲೈನಿಗೆ ಒಂದು ಎನ್ಆರ್‌ವಿ (ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್) ಹಾಕಿದರೆ ಈ ಲೆಕ್ಕ ಎಲ್ಲ ಯಾಕೆ ಸರ್? ನೀರು ವಾಪಸ್ ಬರೋದೇ ಇಲ್ಲವಲ್ಲ.

ಉತ್ತರ: ಹೊಸದರಲ್ಲಿ ಬರಲ್ಲ. ಪಾಚಿ, ಕಸ, ಬೋರ್‌ವೆಲ್ ನೀರಾದರೆ ಸುಣ್ಣ, ಇದೆಲ್ಲ ಒಳಗಿನ ಮುಚ್ಚಳಕ್ಕೆ ಕೂತ ಮೇಲೆ ಅದು ಪೂರ್ತಿ ಮುಚ್ಚಲ್ಲ. ಸಣ್ಣಗೆ ಸೋರಿದರೂ ರಾತ್ರಿಯೆಲ್ಲಾ ಕರೆಂಟ್ ಇಲ್ಲದಿದ್ದರೆ ಅಷ್ಟೂ ನೀರು ಬಂದೇ ಬರುತ್ತೆ. ಬೇಕಾದರೆ ಹಾಕಿ, ಆದರೆ ಅದು ಇಲ್ಲ ಅಂದುಕೊಂಡೇ ಸಂಪ್ ಅಳತೆ ಮಾಡಿ. ರಿಟರ್ನ್ ಪೈಪಿಗೆ ಗಾಳಿ ಎಳೆಯೋಕೆ ಕೊರೆಯೋ ಸಣ್ಣ ತೂತಿಗೂ ಇದೇ ಮಾತು, ಅದೂ ಪಾಚಿಯಲ್ಲಿ ಮುಚ್ಚಿಹೋಗುತ್ತೆ.

ಪ್ರಶ್ನೆ (ಶಿವಮೊಗ್ಗದವರು ಮತ್ತೆ): ತುಂಬಾ ಉಪಕಾರ ಸರ್. ಕೊನೇದೊಂದು. ನೀರು ಆವಿಯಾಗಿ ಕಡಿಮೆ ಆದಾಗ ತಾನೇ ತುಂಬಿಕೊಳ್ಳಲಿ ಅಂತ ಮೇಲಿನ ಓವರ್‌ಹೆಡ್ ಟ್ಯಾಂಕಿನಿಂದ ಪಂಪ್ ಕೋಣೆಗೆ ಫ್ಲೋಟ್ ವಾಲ್ವ್ ಕೊಡಬಹುದಾ?

ಉತ್ತರ: ದಯವಿಟ್ಟು ಕೊಡಬೇಡಿ. ಡ್ರೈನ್ ಕಟ್ಟಿದರೆ ಪಂಪ್ ಕೋಣೆ ಖಾಲಿಯಾಗುತ್ತೆ, ಫ್ಲೋಟ್ ತೆರೆದುಕೊಳ್ಳುತ್ತೆ, ಓವರ್‌ಹೆಡ್ ಟ್ಯಾಂಕ್ ಪೂರ್ತಿ ನಿಮ್ಮ ಹಾಲ್‌ಗೆ ಬರುತ್ತೆ. ಆ ನೀರಿನಲ್ಲಿರೋ ಕ್ಲೋರಿನ್ ಬೇರೆ. ಓವರ್‌ಹೆಡ್ ಟ್ಯಾಂಕಿನ ಬದಲು ಫ್ಲೋಟನ್ನ ನೀರು ತುಂಬಿಟ್ಟ ಒಂದು ಕ್ಯಾನ್‌ಗೆ ಕೊಡಿ. ಆ ಕ್ಯಾನ್ ಎಷ್ಟು ದೊಡ್ಡದಿರಬೇಕು ಅಂತ ಮೇಲಿನ ಲೆಕ್ಕವೇ ಹೇಳುತ್ತೆ: 21 ಲೀಟರ್ ಜಾಗದಲ್ಲಿ 16 ಹೋದರೆ 5 ಲೀಟರ್. ಅದು ಸಾಲಲ್ಲ ಅನ್ನಿಸಿದರೆ, ಗಾಜು ಹೇಗೂ ಇನ್ನೂ ಅಂಟಿಸಿಲ್ಲ, ಓವರ್‌ಫ್ಲೋ ಅಂಚನ್ನ ಅರ್ಧ ಇಂಚು ಕೆಳಗಿಳಿಸೋಕೆ ಹೇಳಿ. ಇನ್ನೂ 7 ಲೀಟರ್ ಜಾಗ ಸಿಗುತ್ತೆ, 10 ಲೀಟರ್ ಕ್ಯಾನ್ ಧೈರ್ಯವಾಗಿ ಇಡಬಹುದು. ರಿಟರ್ನ್ ಬಾಯಿಯನ್ನೂ ಅಷ್ಟೇ ಇಳಿಸೋದು ಮರೀಬೇಡಿ. ಎಲ್ಲ ಜೋಡಿಸಿ, ಸಾಲ್ವೆಂಟ್ ಒಂದು ದಿನ ಒಣಗಿದ ಮೇಲೆ, ಮೀನು ಬಿಡೋಕೆ ಮುಂಚೆ ಎರಡು ಪರೀಕ್ಷೆ ಮಾಡಿ: ಪಂಪಿನ ಪ್ಲಗ್ ಕಿತ್ತು ಸಂಪ್ ಎಲ್ಲಿಗೆ ಏರಿ ನಿಲ್ಲುತ್ತೆ ನೋಡಿ. ಆಮೇಲೆ ಪಂಪ್ ಓಡಿಸ್ತಾ ಮೊದಲ ಡ್ರೈನ್ ವಾಲ್ವ್ ಪೂರ್ತಿ ಮುಚ್ಚಿ, ಎರಡನೆಯದೊಂದೇ ಅಷ್ಟೂ ನೀರು ಇಳಿಸುತ್ತಾ ನೋಡಿ. ಇಳಿಸದಿದ್ದರೆ ಮೀನು ತರಬೇಡಿ, ಪೈಪಿನ ಫೋಟೋ ಇಲ್ಲಿ ಹಾಕಿ.