1941ರಲ್ಲಿ ಮುಳುಗಿದ ಆರ್ಕ್ ರಾಯಲ್ ಹಡಗನ್ನು ದೊಡ್ಡಪ್ಪ ನೋಡಿದ್ದು ಹೇಗೆ?

ದಿನಚರಿ_ಓದುಗ:

ನೌಕಾಪಡೆಯಲ್ಲಿ ನಾವಿಕರಾಗಿದ್ದು 1972ರಲ್ಲಿ ನಿವೃತ್ತರಾದ ನಮ್ಮ ದೊಡ್ಡಪ್ಪನವರ ದಿನಚರಿಯನ್ನು ಬೆರಳಚ್ಚು ಮಾಡುತ್ತಿದ್ದೇನೆ. 1960ರ ದಶಕದ ಒಂದು ಪುಟದಲ್ಲಿ, ಬಂದರಿನ ಹೊರಗೆ ಬ್ರಿಟಿಷರ ಆರ್ಕ್ ರಾಯಲ್ ನಿಂತಿತ್ತೆಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಹುಡುಕಿ ನೋಡಿದರೆ ಆ ಹಡಗು 1941ರಲ್ಲೇ ಮುಳುಗಿದೆ ಎಂದು ಒಂದು ಕಡೆ, 2011ರಲ್ಲಿ ನಿವೃತ್ತಿಯಾಯಿತು ಎಂದು ಇನ್ನೊಂದು ಕಡೆ ಇದೆ. ದೊಡ್ಡಪ್ಪನವರು ಹೆಸರು ತಪ್ಪಾಗಿ ಬರೆದುಕೊಂಡರೋ ಅಥವಾ ನಾನೇ ತಪ್ಪು ಓದುತ್ತಿದ್ದೇನೋ, ತಿಳಿದವರು ದಯವಿಟ್ಟು ವಿವರಿಸಬೇಕು.

ಲಂಗರುಗಲ್ಲು:

ದೊಡ್ಡಪ್ಪನವರು ಬರೆದದ್ದು ಸರಿಯಾಗಿಯೇ ಇದೆ. ಆರ್ಕ್ ರಾಯಲ್ ಎಂಬ ಹೆಸರಿನ ಹಡಗುಗಳು ಒಟ್ಟು ಐದು ಆಗಿಹೋಗಿವೆ.

ಮೊದಲನೆಯದು ವಾಲ್ಟರ್ ರಾಲಿಗಾಗಿ ಕಟ್ಟಿದ್ದು, ಹಾಗಾಗಿ ಅದರ ಮೊದಲ ಹೆಸರು ಆರ್ಕ್ ರಾಲಿ. ರಾಣಿ ಎಲಿಜಬೆತ್ ಅದನ್ನು 5,000 ಪೌಂಡಿಗೆ ಕೊಂಡಳು; ಹಣ ಎಣಿಸಿ ಕೊಡುವ ಬದಲು ಅವನು ತನಗೆ ಕೊಡಬೇಕಿದ್ದ ಸಾಲದಲ್ಲಿ ಅಷ್ಟನ್ನು ವಜಾ ಮಾಡಿದಳು. 1588ರಲ್ಲಿ ಸ್ಪೇನಿನ ನೌಕಾದಂಡು ಬಂದಾಗ ಇಂಗ್ಲಿಷ್ ಪಡೆಯ ಮುಖ್ಯ ಹಡಗು ಅದೇ ಆಗಿತ್ತು. 1608ರಲ್ಲಿ ಅದನ್ನು ಪುನಃ ಕಟ್ಟಿ ಆನ್ ರಾಯಲ್ ಎಂದು ಕರೆದ ಮೇಲೆ, ಹಳೆಯ ಹೆಸರು ಸುಮಾರು ಮುನ್ನೂರು ವರ್ಷ ಕಡತದಲ್ಲೇ ಮಲಗಿತ್ತು.

1914ರಲ್ಲಿ, ವ್ಯಾಪಾರಿ ಹಡಗಾಗಬೇಕಿದ್ದ ಒಂದನ್ನು ಕೊಂಡು, ನೀರಿನ ಮೇಲಿಳಿಯುವ ವಿಮಾನಗಳನ್ನು ಹೊರುವಂತೆ ಮಾರ್ಪಡಿಸಿ, ಅದಕ್ಕೆ ಈ ಹೆಸರಿಟ್ಟರು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದುಂಟು. ಆದರೆ ಅಲ್ಲಿ ಒಂದೇ ಹೆಸರಿನ ಎರಡು ಹಡಗುಗಳು ಏಕಕಾಲಕ್ಕೆ ಸೇವೆಯಲ್ಲಿರುವುದು ಸಾಮಾನ್ಯವಾಗಿ ಸಲ್ಲದ್ದರಿಂದ, ಮೊಮ್ಮಗ ಹುಟ್ಟುವ ಮುಂಚೆಯೇ ಅಜ್ಜ ಹೆಸರು ಬಿಟ್ಟುಕೊಡಬೇಕು. ಹೊಸ ವಿಮಾನವಾಹಕಕ್ಕಾಗಿ ಆ ಹಡಗು 1934ರಲ್ಲಿ ಪೆಗಾಸಸ್ ಆಯಿತು. 1937ರಲ್ಲಿ ನೀರಿಗಿಳಿದ ಆ ಮೂರನೆಯ ಆರ್ಕ್ ರಾಯಲ್‌ನ ವಿಮಾನಗಳೇ 1941ರ ಮೇ 26ರಂದು ಜರ್ಮನರ ಬಿಸ್ಮಾರ್ಕ್‌ನ ಚುಕ್ಕಾಣಿಗೆ ಟಾರ್ಪಿಡೊ ಹೊಡೆದವು. ಅದೇ ವರ್ಷದ ನವೆಂಬರ್ 13ರಂದು ಜಿಬ್ರಾಲ್ಟರ್ ಸಮೀಪ ಜಲಾಂತರ್ಗಾಮಿಯ ಟಾರ್ಪಿಡೊ ಅದಕ್ಕೂ ತಗುಲಿ, ಮರುದಿನ ಅದು ಮುಳುಗಿತು. ಹೆಸರು ಬಿಟ್ಟುಕೊಟ್ಟ ಮುದಿ ಹಡಗು ಮಾತ್ರ ಯುದ್ಧ ಮುಗಿಯುವವರೆಗೂ ತೇಲುತ್ತಲೇ ಇತ್ತು!

ನಿಮ್ಮ ದೊಡ್ಡಪ್ಪನವರು ನೋಡಿದ್ದು 1955ರಲ್ಲಿ ಸೇವೆಗೆ ಸೇರಿ 1979ರಲ್ಲಿ ನಿವೃತ್ತಿಯಾದ ನಾಲ್ಕನೆಯದನ್ನು. 2011ರದ್ದು ಐದನೆಯದು.

ಹಳೆಯ_ಕಡತ:

ಮುಳುಗಿದ ಹಡಗಿನ ಹೆಸರನ್ನು ಪುನಃ ಇಡುವುದು ಅಪಶಕುನವಲ್ಲವೇ ಎಂದು ಕೇಳುವವರಿಗಾಗಿ ಒಂದು ಮಾತನ್ನು ಸೇರಿಸುತ್ತೇನೆ. 1744ರಲ್ಲಿ ವಿಕ್ಟರಿ ಎಂಬ ಹಡಗು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ನಾಶವಾಯಿತು. ಅದಾಗಿ ಇಪ್ಪತ್ತೊಂದು ವರ್ಷಕ್ಕೆ ನೀರಿಗಿಳಿದ ಹಡಗಿಗೂ ಅದೇ ಹೆಸರಿಟ್ಟರು. 1805ರಲ್ಲಿ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಗೆದ್ದದ್ದೂ ಪ್ರಾಣ ಬಿಟ್ಟದ್ದೂ ಅದರ ಮೇಲೆಯೇ.

ಹೆಸರಿನೊಂದಿಗೆ ಆಸ್ತಿಯೂ ಬರುತ್ತದೆ ಎಂಬುದನ್ನು ಮರೆಯಬಾರದು. ಹಿಂದಿನ ಹಡಗುಗಳು ಗಳಿಸಿದ ಯುದ್ಧಗೌರವಗಳು ಅದೇ ಹೆಸರಿನ ಮುಂದಿನ ಹಡಗಿಗೆ ಸಲ್ಲುತ್ತವೆ, ಅವುಗಳನ್ನು ಒಂದು ಹಲಗೆಯ ಮೇಲೆ ಬರೆದು ಹಡಗಿನಲ್ಲಿ ಇಡುತ್ತಾರೆ. ಜೆಟ್ ವಿಮಾನ ಹೊತ್ತ ಆರ್ಕ್ ರಾಯಲ್‌ಗೂ 1588ರ ಗೌರವ ಸಲ್ಲುತ್ತಿದ್ದುದು ಹೀಗೆ.

ನಮಗೆ ಹೆಚ್ಚು ಹತ್ತಿರದ ಉದಾಹರಣೆಯೆಂದರೆ ಹರ್ಮೀಸ್. ಈ ಹೆಸರಿನ ವಿಮಾನವಾಹಕವೊಂದನ್ನು ಜಪಾನಿ ವಿಮಾನಗಳು 1942ರ ಏಪ್ರಿಲ್ 9ರಂದು ಶ್ರೀಲಂಕಾದ ಬಟ್ಟಿಕಲೋವಾ ಬಳಿ ಮುಳುಗಿಸಿದವು. ಎರಡು ವರ್ಷದ ನಂತರ ಎಲಿಫೆಂಟ್ ಎಂಬ ಹೆಸರಿನಲ್ಲಿ ಕಟ್ಟಲಾರಂಭಿಸಿದ ಇನ್ನೊಂದು ಹಡಗಿಗೆ ಅನಂತರ ಹರ್ಮೀಸ್ ಹೆಸರು ಬಂತು. ಅದೇ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು. ವಿರಾಟ್ ಒಮ್ಮೆ ಮುಳುಗಿ ಎದ್ದ ಹಡಗು ಎಂದು ಬರೆದಿದ್ದ ಲೇಖನವೊಂದನ್ನು ಓದಿ ನಾನು ಬಹಳ ಹೊತ್ತು ನಕ್ಕಿದ್ದೇನೆ.

ದಿನಚರಿ_ಓದುಗ:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಟಿಪ್ಪಣಿ ಬರೆಯುವಾಗ ಇವುಗಳನ್ನು ಗುರುತಿಸುವುದು ಹೇಗೆ? ಹಡಗಿನ ಪಕ್ಕೆಯ ಮೇಲಿರುವ ಸಂಖ್ಯೆಯನ್ನು ಕೊಟ್ಟರೆ ಸಾಕೇ?

ಲಂಗರುಗಲ್ಲು:

ಸಂಖ್ಯೆಯನ್ನೇ ನಂಬಬೇಡಿ. ನಮ್ಮ ಹಳೆಯ ವಿಕ್ರಾಂತಕ್ಕೂ ಹೊಸ ವಿಕ್ರಾಂತಕ್ಕೂ ಆರ್ 11 ಎಂಬುದೇ ಸಂಖ್ಯೆ. ನೀರಿಗಿಳಿಸಿದ ವರ್ಷವನ್ನು ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಬರೆಯುವುದು ಬಲ್ಲವರ ರೂಢಿ. ದೊಡ್ಡಪ್ಪನವರು ಕಂಡದ್ದನ್ನು ಆರ್ಕ್ ರಾಯಲ್ (1950) ಎಂದು ಬರೆಯಿರಿ.

ದಿನಚರಿ_ಓದುಗ:

ಈಗ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ದೊಡ್ಡಪ್ಪನವರು ಸಮವಸ್ತ್ರದಲ್ಲಿರುವ ಭಾವಚಿತ್ರದಲ್ಲಿ ಟೋಪಿಯ ಕಪ್ಪು ಪಟ್ಟಿಯ ಮೇಲೆ ಮೈಸೂರು ಎಂಬ ಹಡಗಿನ ಹೆಸರು ಇಂಗ್ಲಿಷಿನಲ್ಲಿದೆ. ಅದರ ಕೆಳಗೆ ನಾನು, 1999ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಮೈಸೂರು ಎಂದು ಅಡಿಬರಹ ಹಾಕಿದ್ದೆ!

ಹಳೆಯ_ಕಡತ:

ಅದು ಮೊದಲನೆಯ ಮೈಸೂರು. ಬ್ರಿಟಿಷರ ನೈಜೀರಿಯಾ ಎಂಬ ಕ್ರೂಸರ್ ಅನ್ನು ಭಾರತ ಕೊಂಡು 1957ರಲ್ಲಿ ಆ ಹೆಸರಿಟ್ಟಿತು. ಅದರ ಸಂಖ್ಯೆ ಸಿ 60, ಈಗಿನದರದ್ದು ಡಿ 60. ಅಡಿಬರಹವನ್ನು ತಿದ್ದುವಾಗ ನೈಜೀರಿಯಾ ಎಂಬ ಹಳೆಯ ಹೆಸರನ್ನೂ ಸೇರಿಸಿಬಿಡಿ.