ತಾಪತ್ರಯಕ್ಕೂ ದುಡ್ಡಿಗೂ ಏನು ನಂಟು?

ಶಿಡ್ಲಘಟ್ಟದ ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ 'ಹಣದ ತಾಪತ್ರಯದಿಂದ ಕಟ್ಟಡದ ಕೆಲಸ ನಿಂತಿದೆ' ಎಂದು ಬರೆದಿದ್ದೆವು. ಹಿರಿಯರೊಬ್ಬರು ತಕರಾರು ತೆಗೆದರು. ಅದು ವೇದಾಂತದ ಮಾತು, ದುಡ್ಡಿನ ವಿಷಯಕ್ಕೆ ಸಲ್ಲದು, 'ಕೊರತೆ' ಅಂತ ತಿದ್ದಿ ಅಂದರು. ತಿದ್ದಿದ್ದೇನೋ ಸರಿ. ಅವರು ಕೊಟ್ಟ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಪದದ ಹುಟ್ಟಿನ ಬಗ್ಗೆ ಅವರು ಹೇಳಿದ್ದು ನಿಜ. ತಾಪ ಅಂದರೆ ಬೇಗೆ, ತ್ರಯ ಅಂದರೆ ಮೂರು. ನಮ್ಮ ಮೈಮನಸ್ಸಿನಿಂದಲೇ ಬರುವುದು ಆಧ್ಯಾತ್ಮಿಕ, ಬೇರೆ ಜೀವಿಗಳಿಂದ ಬರುವುದು ಆಧಿಭೌತಿಕ, ಮಳೆ, ಸಿಡಿಲಿನಂತೆ ಕೈಮೀರಿದ್ದು ಆಧಿದೈವಿಕ. ಮಂತ್ರದ ಕೊನೆಗೆ ಮೂರು ಸಲ 'ಶಾಂತಿಃ' ಎನ್ನುವುದೂ ಈ ಮೂರಕ್ಕೇ ಅನ್ನುತ್ತಾರೆ. ಈ ಪಟ್ಟಿಯಲ್ಲಿ ದುಡ್ಡಿಲ್ಲ. ಆದರೆ ಆಡುಮಾತಿನಲ್ಲಿ ಮೂರರ ಲೆಕ್ಕ ಎಂದೋ ಹೋಯಿತು, ಅಲ್ವಾ? 'ನನಗೆ ನೂರೆಂಟು ತಾಪತ್ರಯ' ಅನ್ನುವವರು ಯಾರೂ ಮೂರನ್ನು ನೂರೆಂಟರಿಂದ ಗುಣಿಸುತ್ತಿಲ್ಲ.

ನನಗೆ ಕಾಣುವ ವ್ಯತ್ಯಾಸ ಬೇರೆ. ಕೊರತೆಗೆ ಅಂಕಿ ಹಚ್ಚಬಹುದು, ತಾಪತ್ರಯಕ್ಕೆ ಆಗುವುದಿಲ್ಲ. 'ಮೂರು ಲಕ್ಷ ಕೊರತೆ' ಸರಿ. 'ಸಂಬಳದಲ್ಲಿ ಎರಡು ಸಾವಿರ ಖೋತಾ' ಸರಿ. ಬರಬೇಕಾದದ್ದು ಕಡಿತವಾಯಿತು ಎಂದರ್ಥ. 'ಹತ್ತು ಸಾವಿರ ಲುಕ್ಸಾನು' ಕೂಡ ಸರಿ. (ಇದು ಅರಬ್ಬಿಯ ನುಕ್ಸಾನ್. ನಂಬರು ಹಳ್ಳಿಯಲ್ಲಿ ಲಂಬರು ಆದ ಹಾಗೆ ನಕಾರ ಲಕಾರವಾಗಿದೆ.) 'ಮೂರು ಲಕ್ಷ ತಾಪತ್ರಯ' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಮುಗ್ಗಟ್ಟು, ಅಡಚಣೆ ಕೂಡ ಇದೇ ಜಾತಿ. ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇಡಬೇಕು ಎನ್ನುತ್ತದೆ. ಅಲ್ಲಿ 'ವಿತ್ತೀಯ ತಾಪತ್ರಯ' ಎಂದು ಹಾಕಿ ಓದಿ, ನಗು ಬರುತ್ತದೆ.

ಇನ್ನೊಂದು ವಿಷಯ. ಕೊರತೆಯೂ ಇಲ್ಲದೆ, ಲುಕ್ಸಾನೂ ಇಲ್ಲದೆ ತಾಪತ್ರಯ ಇರಬಹುದು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವಾಗ ಮೇವು ಬಿಟ್ಟು ಮಲಗುವುದಕ್ಕೆ ಹಾಗನ್ನುತ್ತಾರೆ) ಎದ್ದ ಮೇಲೆ ಸೊಪ್ಪು ತಿನ್ನುವುದು ಜಾಸ್ತಿ. ಸೊಪ್ಪಿಗೂ ಆಳಿಗೂ ಆಗಲೇ ಕಾಸು ಬೇಕು. ಗೂಡು ಮಾರುಕಟ್ಟೆಗೆ ಹೋಗಿ ಹರಾಜಾಗುವ ತನಕ ಕೈಯಲ್ಲಿ ಏನೂ ಇರುವುದಿಲ್ಲ. ಆ ರೈತ ಬಡವನಲ್ಲ, ಸೋತವನೂ ಅಲ್ಲ. ಅವನದು ತಾಪತ್ರಯ. ಇದಕ್ಕೆ 'ಕೊರತೆ' ಅಂದರೆ ಏನೋ ಸಪ್ಪೆ.

ನಮ್ಮ ಕಡೆ ತೆಲುಗೂ ಮನೆಮಾತು. ತೆಲುಗಿನವರು ಬಜೆಟ್ಟಿನ ಕೊರತೆಗೆ 'ಲೋಟು' ಅನ್ನುತ್ತಾರೆ. ಅವರ 'ತಾಪತ್ರಯಂ' ದುಡ್ಡಿನ ಕಷ್ಟವಲ್ಲ, ಯಾವುದಕ್ಕೋ ಹಂಬಲಿಸಿ ಒದ್ದಾಡುವುದು. ಮಕ್ಕಳಿಗಾಗಿ ತಾಪತ್ರಯ ಪಡುತ್ತಾರೆ ಅಂದರೆ ಅಲ್ಲಿ ಅದು ಅಕ್ಕರೆಯ ಮಾತು. ಬೇಗೆ ಅನ್ನುವ ಮೂಲಕ್ಕೆ ಆ ಅರ್ಥವೇ ಹತ್ತಿರ ಅಂತ ನನಗನ್ನಿಸುತ್ತದೆ.

ಬಾಗೇಪಲ್ಲಿ, ಪಾವಗಡದ ಕಡೆಯವರು ಹೇಳಿ: ಕನ್ನಡ ಆಡುವಾಗ ನಿಮ್ಮಲ್ಲಿ ತಾಪತ್ರಯಕ್ಕೆ ಯಾವ ಅರ್ಥ ನಡೆಯುತ್ತದೆ, ಕಾಸಿನದೋ ಹಂಬಲದ್ದೋ? ಅಂಕಿ ಹಚ್ಚಿ ಬಳಸಿದ್ದು ಎಲ್ಲಾದರೂ ಕಿವಿಗೆ ಬಿದ್ದಿದ್ದರೆ ಅದನ್ನೂ ತಿಳಿಸಿ.